ಕಳೆದುಕೊಂಡವರೇ ಸಾಕ್ಷಿ ತರಬೇಕು

ಕಾರ್ಡಿನಿಂದ ದುಡ್ಡು ಹೋಯಿತು ಅಂತ ಯಾರಿಗೇ ಹೇಳಿ, ವಾಪಸ್ ಬರುವ ಮೊದಲ ಮಾತು ಒಂದೇ. "ಓಟಿಪಿ ಯಾರಿಗಾದ್ರೂ ಹೇಳಿದ್ರಾ?" ಸ್ನೇಹಿತರು ಕೇಳುತ್ತಾರೆ, ಮನೆಯವರು ಕೇಳುತ್ತಾರೆ, ಬ್ಯಾಂಕಿನ ಸಹಾಯವಾಣಿಯವರೂ ಕೇಳುತ್ತಾರೆ. ಇಲ್ಲ ಅಂದರೆ, "ಹಾಗಾದ್ರೆ ಯಾವುದೋ ಲಿಂಕ್ ಒತ್ತಿರ್ಬೇಕು." ಅದೂ ಇಲ್ಲ ಅಂದರೆ, "ಸರಿಯಾಗಿ ನೆನಪು ಮಾಡ್ಕೊಳ್ಳಿ." ಮನೆಗೆ ಕಳ್ಳ ನುಗ್ಗಿದಾಗಲೂ ಬೀಗ ಹಾಕಿದ್ರಾ ಅಂತ ಕೇಳುವವರು ಇದ್ದಾರೆ, ನಿಜ. ಆದರೆ ಅದಕ್ಕೂ ಮೊದಲು ಒಂದು ಸಲ ಅಯ್ಯೋ ಪಾಪ ಅನ್ನುತ್ತಾರೆ. ಕಾರ್ಡಿನ ವಿಷಯದಲ್ಲಿ ಆ ಪಾಪವೂ ಇಲ್ಲ. ನೇರವಾಗಿ ವಿಚಾರಣೆ.

ನನ್ನ ಕಾರ್ಡಿನಲ್ಲಿ ಮೊದಲು ಕಂಡದ್ದು ತೀರಾ ಚಿಕ್ಕ ಮೊತ್ತ. ಎಂದೂ ಕೇಳಿರದ ಒಂದು ಹೆಸರು, ಅರ್ಧ ಅಕ್ಷರ ಅರ್ಧ ಅಂಕಿ. ಇದೇನಪ್ಪಾ ಅಂತ ನೋಡುವಷ್ಟರಲ್ಲಿ ಹಿಂದೆಯೇ ದೊಡ್ಡವು ಬಂದವು. ಓಟಿಪಿ ಬರಲೇ ಇಲ್ಲ, ಹೇಳುವ ಪ್ರಶ್ನೆ ಎಲ್ಲಿಂದ? ಕಾರ್ಡು ನನ್ನ ಪರ್ಸಿನಲ್ಲೇ ಇತ್ತು. ಕೂಡಲೇ ಆ್ಯಪ್‌ನಲ್ಲಿ ಬ್ಲಾಕ್ ಮಾಡಿದೆ, ಫೋನ್ ಮಾಡಿ ದೂರು ಕೊಟ್ಟೆ, ದೂರಿನ ಸಂಖ್ಯೆ ಬರೆದುಕೊಂಡೆ. ದುಡ್ಡು ಕೊನೆಗೆ ಪೂರ್ತಿ ವಾಪಸ್ ಬಂತು. ಹಾಗಾಗಿ ಇದು ದುಡ್ಡು ಹೋದ ಗೋಳಿನ ಕಥೆ ಅಲ್ಲ. ನನ್ನ ತಲೆಯಲ್ಲಿ ಉಳಿದದ್ದು ನಡುವಿನ ಆ ವಾರಗಳು. "ಇದು ನಾನು ಮಾಡಿದ್ದಲ್ಲ" ಅಂತ ಒಬ್ಬ ಮನುಷ್ಯ ಹೇಳಿದರೆ ಅದಕ್ಕೆ ಎಷ್ಟು ಬೆಲೆ, "ನೀವೇ ಮಾಡಿದ್ದು" ಅಂತ ಕಂಪ್ಯೂಟರ್ ಹೇಳಿದರೆ ಅದಕ್ಕೆ ಎಷ್ಟು ಬೆಲೆ ಅನ್ನುವುದು. ಅದರ ಹಿಂದೆ ಬಿದ್ದು ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಆ ಮೊದಲ ಪ್ರಶ್ನೆಯ ಮೇಲೆ ಸಿಟ್ಟು ಜಾಸ್ತಿಯಾಯಿತು.

ಯಾರಿಗೂ ಏನೂ ಹೇಳದೆ ಕಾರ್ಡಿನ ವಿವರ ಹೊರಗೆ ಹೋಗುವುದು ಹೇಗೆ? ಬಹಳ ಸುಲಭವಾಗಿ.

ಕಾರ್ಡಿನ ಮೇಲಿನ 16 ಅಂಕಿಗಳನ್ನು ನಾವು ಗುಟ್ಟು ಅಂದುಕೊಂಡಿದ್ದೇವೆ. ಆದರೆ ಗುಟ್ಟಾಗಿರಲಿ ಅಂತ ಅವನ್ನು ಯಾರೂ ರೂಪಿಸಿಲ್ಲ. ಇದು ಯಾವ ಬ್ಯಾಂಕಿನ ಯಾವ ಖಾತೆ ಅಂತ ಯಂತ್ರಕ್ಕೆ ತಿಳಿಸುವುದಷ್ಟೇ ಅವುಗಳ ಕೆಲಸ. ಮೊದಲ 6 ಅಂಕಿ, ಈಗಿನ ಕ್ರಮದಲ್ಲಿ 8, ಬ್ಯಾಂಕನ್ನೂ ಕಾರ್ಡಿನ ಬಗೆಯನ್ನೂ ಹೇಳುತ್ತವೆ. ಒಂದೇ ಬ್ಯಾಂಕಿನ ಒಂದೇ ಬಗೆಯ ಸಾವಿರಾರು ಕಾರ್ಡುಗಳಲ್ಲಿ ಅವು ಒಂದೇ. ಕೊನೆಯ ಅಂಕಿ ತಾಳೆ ನೋಡುವುದಕ್ಕೆ. ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ ಎಂಬ ಎಂಜಿನಿಯರ್ ಹುಡುಕಿದ ಲೆಕ್ಕ ಅದು, ಪೇಟೆಂಟ್ ಸಿಕ್ಕಿದ್ದು 1960ರಲ್ಲಿ. ಬಲಗಡೆಯಿಂದ ಎಣಿಸುತ್ತಾ, ಎರಡನೆಯದರಿಂದ ಶುರು ಮಾಡಿ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿ ಮಾಡಬೇಕು. ಎರಡಂಕಿ ಬಂದರೆ ಆ ಎರಡನ್ನೂ ಕೂಡಬೇಕು. ಆಮೇಲೆ ಎಲ್ಲ ಸೇರಿಸಿದರೆ ಬರುವ ಮೊತ್ತ 10ರಿಂದ ಭಾಗವಾಗಬೇಕು. ನಿಮ್ಮ ಕಾರ್ಡು ತೆಗೆದು ಲೆಕ್ಕ ಹಾಕಿ ನೋಡಿ, ಹೊಂದುತ್ತದೆ. ಟೈಪ್ ಮಾಡುವಾಗ ಒಂದಂಕಿ ತಪ್ಪಿದರೆ ಅಲ್ಲೇ ಗೊತ್ತಾಗಲಿ ಅಂತ ಮಾಡಿದ ವ್ಯವಸ್ಥೆ ಇದು. ಕಳ್ಳರ ವಿಷಯ ಲೂನ್ ತಲೆಯಲ್ಲಿ ಇರಲೇ ಇಲ್ಲ.

ಈಗ ಉಳಿದದ್ದೆಷ್ಟು ಅಂತ ನೋಡೋಣ. ಮೊದಲ 8 ಬ್ಯಾಂಕಿನವು. ಕೊನೆಯ 4 ಪ್ರತಿ ರಸೀದಿಯ ಮೇಲೂ ಇರುತ್ತವೆ. ನಡುವೆ ಉಳಿದವು 4, ಅಂದರೆ 10,000 ಸಾಧ್ಯತೆ. ಲೂನ್ ಲೆಕ್ಕಕ್ಕೆ ಹೊಂದುವವು ಅದರಲ್ಲಿ ಹತ್ತರಲ್ಲೊಂದು, ಅಂದರೆ 1,000. ಹಿಂಬದಿಯ ಸಿವಿವಿ 3 ಅಂಕಿ, ಅಲ್ಲೂ 1,000. ಕಾರ್ಡಿನ ಆಯುಸ್ಸು 5 ವರ್ಷ ಅಂದರೆ ಅವಧಿ ಮುಗಿಯುವ ತಿಂಗಳಿಗೆ 60 ಸಾಧ್ಯತೆ. ಮನುಷ್ಯ ಕೂತು ಊಹಿಸಿದರೆ ಸುಸ್ತಾಗುವ ಸಂಖ್ಯೆಗಳು. ಕಂಪ್ಯೂಟರಿಗೆ ಏನೂ ಅಲ್ಲ. ಒಂದೇ ವೆಬ್‌ಸೈಟಿನಲ್ಲಿ ಮತ್ತೆ ಮತ್ತೆ ಹಾಕಿದರೆ ತಡೆ ಬೀಳುತ್ತದೆ, ಹಾಗಾಗಿ ನೂರಾರು ವೆಬ್‌ಸೈಟುಗಳಿಗೆ ಹಂಚಿ ಹಾಕುತ್ತಾರೆ. 2016ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಮಾಡಿಯೇ ತೋರಿಸಿದರು. ಕಾರ್ಡಿನ ಸಂಖ್ಯೆ ಕೈಯಲ್ಲಿದ್ದರೆ ಉಳಿದ ವಿವರಗಳನ್ನು 6 ಸೆಕೆಂಡಿನಷ್ಟು ಹೊತ್ತಿನಲ್ಲಿ ಊಹಿಸಿ ಹಿಡಿಯಬಹುದು ಅಂತ.

ಮೊದಲು ಚಿಕ್ಕ ಮೊತ್ತ ಯಾಕೆ ಅಂತ ಈಗ ಗೊತ್ತಾಗುತ್ತದೆ ಅಲ್ವಾ? ಕಳ್ಳರ ಕೈಯಲ್ಲಿ ಕಾರ್ಡುಗಳ ಉದ್ದದ ಪಟ್ಟಿ ಇರುತ್ತದೆ. ಊಹಿಸಿದ್ದೋ, ಕದ್ದದ್ದೋ. ಯಾವುದು ಚಾಲ್ತಿಯಲ್ಲಿದೆ, ಯಾವುದು ಸತ್ತಿದೆ ಅವರಿಗೂ ತಿಳಿಯದು. ಯಾರ ಕಣ್ಣಿಗೂ ಬೀಳದಷ್ಟು ಸಣ್ಣ ಮೊತ್ತ ಹಾಕಿ ನೋಡುತ್ತಾರೆ. ದೇಣಿಗೆ ಪಡೆಯುವ ವೆಬ್‌ಸೈಟುಗಳು ಇದಕ್ಕೆ ತುಂಬಾ ಬಳಕೆಯಾಗುತ್ತವೆ. ಅಲ್ಲಿ ಎಷ್ಟು ಬೇಕಾದರೂ ಕೊಡಬಹುದು, ಸಾಮಾನು ತಲುಪಿಸಲು ವಿಳಾಸವೂ ಬೇಡ. ಹಾದುಹೋಯಿತು ಅಂದರೆ ಆ ಕಾರ್ಡಿಗೆ ಮಾರುಕಟ್ಟೆಯಲ್ಲಿ ರೇಟು ಏರುತ್ತದೆ. ಪರೀಕ್ಷೆ ಮಾಡಿದವನು ಒಬ್ಬ, ಕೊಂಡು ಬಳಸುವವನು ಇನ್ನೊಬ್ಬ ಆಗಿರಬಹುದು. ಹಾಗಾಗಿ ಗೊತ್ತಿಲ್ಲದ ಹೆಸರಿನ ಸಣ್ಣ ಮೊತ್ತ ಕಂಡರೆ, ಇಷ್ಟಕ್ಕೆಲ್ಲ ಯಾಕೆ ಫೋನ್ ಮಾಡೋದು ಅಂತ ಸುಮ್ಮನಿರಬೇಡಿ. ಮೊದಲು ಕಾರ್ಡು ನಿಲ್ಲಿಸಿ.

ಊಹಿಸುವ ಕಷ್ಟವೂ ಬೇಡ ಅನ್ನುವವರು ಕದಿಯುತ್ತಾರೆ. 2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಹೋಯಿತು. ಕಳ್ಳರು ಒಳಗೆ ಬಂದದ್ದು ಮಳಿಗೆಗಳ ತಂಪು ಯಂತ್ರಗಳ ಕೆಲಸ ನೋಡಿಕೊಳ್ಳುವ ಗುತ್ತಿಗೆದಾರರ ಪಾಸ್‌ವರ್ಡ್ ಹಿಡಿದು. ಗ್ರಾಹಕರು ಮಾಡಿದ್ದು ಇಷ್ಟೇ, ಅಂಗಡಿಗೆ ಹೋಗಿ ಕಾರ್ಡು ಉಜ್ಜಿದ್ದು. 2018ರಲ್ಲಿ ಬ್ರಿಟಿಷ್ ಏರ್‌ವೇಸ್ ವೆಬ್‌ಸೈಟಿನೊಳಗೆ ಕೆಲವೇ ಸಾಲುಗಳ ಕೋಡ್ ಸೇರಿಕೊಂಡಿತು. ಜನ ಟಿಕೆಟ್‌ಗೆ ಟೈಪ್ ಮಾಡಿದ ಕಾರ್ಡಿನ ವಿವರವೆಲ್ಲ ಅದೇ ಹೊತ್ತಿಗೆ ಇನ್ನೊಂದು ಕಡೆಗೂ ಹೋಗುತ್ತಿತ್ತು. ಸಿವಿವಿಯನ್ನು ವ್ಯಾಪಾರಿಗಳು ಉಳಿಸಿಟ್ಟುಕೊಳ್ಳುವಂತಿಲ್ಲ ಅಂತ ಕಾರ್ಡ್ ಉದ್ಯಮದ ನಿಯಮವೇ ಇದೆ. ಟೈಪ್ ಮಾಡುವಾಗಲೇ ಎತ್ತಿಕೊಂಡರೆ ಆ ನಿಯಮ ಏನು ಮಾಡೀತು? ಅಸಲಿ ವೆಬ್‌ಸೈಟು, ವಿಳಾಸದ ಪಕ್ಕ ಬೀಗದ ಗುರುತು, ಎಲ್ಲ ಸರಿ ಇತ್ತು. "ಎಲ್ಲಾದ್ರೂ ಕೊಟ್ಟಿರ್ಬೇಕು" ಅನ್ನುವ ಮಾತು ಹಾಗೆ ನೋಡಿದರೆ ನಿಜವೇ. ಕೊಡಬೇಕಾದ ಕಡೆಯೇ ಕೊಟ್ಟಿದ್ದರು.

ಇಷ್ಟು ಸಡಿಲವಾದ ವ್ಯವಸ್ಥೆಯನ್ನು ಇಷ್ಟು ಕಾಲ ಯಾಕೆ ಇಟ್ಟುಕೊಂಡರು ಅಂತ ಯೋಚಿಸಿದಾಗ ನನಗೆ ಸಿಕ್ಕಿದ ಉತ್ತರ ತಂತ್ರಜ್ಞಾನದ್ದಲ್ಲ, ದುಡ್ಡಿನದು. ಕಾರ್ಡಿನ ಹಿಂದಿನ ಕಪ್ಪು ಪಟ್ಟಿ 1960ರ ದಶಕದ್ದು. ಐಬಿಎಂನ ಎಂಜಿನಿಯರ್ ಫಾರೆಸ್ಟ್ ಪ್ಯಾರಿ ಆ ಪಟ್ಟಿಯ ಕಾಂತೀಯ ಟೇಪನ್ನು ಪ್ಲಾಸ್ಟಿಕ್‌ಗೆ ಅಂಟಿಸಲಾಗದೆ ಒದ್ದಾಡುತ್ತಿದ್ದಾಗ, ಅವರ ಹೆಂಡತಿ ಇಸ್ತ್ರಿ ಪೆಟ್ಟಿಗೆಯಿಂದ ಬಿಸಿ ಮಾಡಿ ಅಂಟಿಸಿ ಅಂದರಂತೆ. ಆ ಪಟ್ಟಿಯಲ್ಲಿರುವ ಮಾಹಿತಿ ಎಂದೂ ಬದಲಾಗುವುದಿಲ್ಲ. ಒಮ್ಮೆ ಓದಿಕೊಂಡರೆ ಇನ್ನೊಂದು ಕಾರ್ಡು ಮಾಡಬಹುದು. ಎಟಿಎಂ ಬಾಯಿಗೆ ಯಂತ್ರ ಅಂಟಿಸಿ, ಮೇಲೊಂದು ಪುಟ್ಟ ಕ್ಯಾಮೆರಾ ಇಟ್ಟು ಮಾಡುವ ಕಳ್ಳತನ ಇದನ್ನೇ ನಂಬಿಕೊಂಡದ್ದು. ಇದಕ್ಕೆ ಉತ್ತರ ಚಿಪ್. ಅದು ಪ್ರತಿ ವಹಿವಾಟಿಗೂ ಹೊಸ ಸಂಕೇತ ಹುಟ್ಟಿಸುತ್ತದೆ, ಹಳೆಯದನ್ನು ನಕಲು ಮಾಡಿ ಉಪಯೋಗವಿಲ್ಲ. ಫ್ರಾನ್ಸಿನ ರೋಲಾಂ ಮೊರೆನೋ ಚಿಪ್ ಕಾರ್ಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1974ರಲ್ಲಿ. ಫ್ರಾನ್ಸಿನ ಬ್ಯಾಂಕ್ ಕಾರ್ಡುಗಳಿಗೆಲ್ಲ 1992ರ ಹೊತ್ತಿಗೆ ಚಿಪ್ ಬಂತು. ಅಮೆರಿಕಕ್ಕೆ ಅದು ದೊಡ್ಡ ಮಟ್ಟದಲ್ಲಿ ಬಂದದ್ದು 2015ರ ಅಕ್ಟೋಬರ್ ನಂತರ.

ಆ ಅಕ್ಟೋಬರಿನಲ್ಲಿ ಆದದ್ದೇನು? ಹೊಸ ಆವಿಷ್ಕಾರ ಏನೂ ಅಲ್ಲ. ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಕಂಪನಿಗಳು ಒಂದು ನಿಯಮ ಬದಲಿಸಿದವು. ನಕಲಿ ಕಾರ್ಡಿನಿಂದ ನಷ್ಟವಾದರೆ, ಬ್ಯಾಂಕು ಮತ್ತು ಅಂಗಡಿ ಇಬ್ಬರಲ್ಲಿ ಯಾರು ಚಿಪ್‌ಗೆ ಬದಲಾಗಿಲ್ಲವೋ ಅವರೇ ಭರಿಸಬೇಕು ಅಂತ. ಅಷ್ಟಕ್ಕೇ ಅಂಗಡಿಗಳು ಹೊಸ ಯಂತ್ರ ತರಿಸಲು ಶುರು ಮಾಡಿದವು. ಕಪ್ಪು ಪಟ್ಟಿಗೂ ಈಗ ಕೊನೆ ದಿನ ಗೊತ್ತಾಗಿದೆ. 2033ರ ಹೊತ್ತಿಗೆ ತನ್ನ ಯಾವ ಕಾರ್ಡಿನಲ್ಲೂ ಅದು ಇರುವುದಿಲ್ಲ ಅಂತ ಮಾಸ್ಟರ್‌ಕಾರ್ಡ್ 2021ರಲ್ಲಿ ಹೇಳಿದೆ. ಭದ್ರತೆ ಬರುವುದು ಯಾರ ಜೇಬಿಗೆ ಕತ್ತರಿ ಬೀಳುತ್ತದೆ ಅನ್ನುವುದನ್ನು ನೋಡಿಕೊಂಡು. ಬೀಳುವುದು ಗ್ರಾಹಕರ ಜೇಬಿಗೆ ಅಂತಾದರೆ ಯಾರಿಗೂ ಅವಸರವಿಲ್ಲ.

ಎರಡು ಮೊಕದ್ದಮೆಗಳ ಕಥೆ ಹೇಳಬೇಕು. ಇವನ್ನು ಓದಿದ ಮೇಲೆ ಸಹಾಯವಾಣಿಯ ಜೊತೆ ನಾನು ಮಾತಾಡುವ ಧಾಟಿಯೇ ಬದಲಾಯಿತು.

1980ರಲ್ಲಿ ನ್ಯೂಯಾರ್ಕಿನಲ್ಲಿ ಸಿಟಿಬ್ಯಾಂಕಿನ ಗ್ರಾಹಕಿಯೊಬ್ಬರು ಕೋರ್ಟಿಗೆ ಹೋದರು. ಅವರ ಖಾತೆಯಿಂದ ಎಟಿಎಂ ಮೂಲಕ 800 ಡಾಲರ್ ಹೋಗಿತ್ತು. ಕಾರ್ಡು ನನ್ನ ಹತ್ತಿರವೇ ಇತ್ತು, ಪಿನ್ ಯಾರಿಗೂ ಹೇಳಿಲ್ಲ, ಆ ಹೊತ್ತಿನಲ್ಲಿ ಕೆಲಸದಲ್ಲಿದ್ದೆ ಅಂದರು. ಕೆಲಸ ಕೊಟ್ಟವರಿಂದ ಪತ್ರವನ್ನೂ ತಂದಿದ್ದರು. ಬ್ಯಾಂಕು ಕಂಪ್ಯೂಟರಿನ ದಾಖಲೆ ಮುಂದಿಟ್ಟಿತು. ಸರಿಯಾದ ಕಾರ್ಡು, ಸರಿಯಾದ ಪಿನ್, ಇನ್ನೇನು ಬೇಕು? ಕೋರ್ಟು ಆಕೆಯನ್ನು ನಂಬಿತು. ನಂಬಿಕೆಗೆ ಅರ್ಹರಾದ ಮನುಷ್ಯರೊಬ್ಬರ ಎದುರು ಯಂತ್ರ ಸಾಕ್ಷಿ ಹೇಳಿದ ಮಾತ್ರಕ್ಕೆ, ಆ ಮನುಷ್ಯರಿಗೆ ಇನ್ನು ದಾರಿಯೇ ಇಲ್ಲ ಅಂತ ತೀರ್ಪು ಕೊಡಲು ತಾನು ಸಿದ್ಧವಿಲ್ಲ ಅಂದಿತು. 800 ಡಾಲರ್ ವಾಪಸ್ ಕೊಡಿಸಿತು.

ಇನ್ನೊಂದು ಇಂಗ್ಲೆಂಡಿನದು. ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ತನ್ನ ಖಾತೆಯಿಂದ ತಾನು ತೆಗೆಯದ ದುಡ್ಡು ಹೋಗಿದೆ ಅಂತ ದೂರು ಕೊಟ್ಟರು. ನಮ್ಮ ವ್ಯವಸ್ಥೆಯಲ್ಲಿ ತಪ್ಪಾಗುವುದಿಲ್ಲ, ಹಾಗಾಗಿ ಇವರು ಸುಳ್ಳು ಹೇಳುತ್ತಿದ್ದಾರೆ ಅನ್ನುವುದು ಅವರ ಖಾತೆಯಿದ್ದ ಸಂಸ್ಥೆಯ ವಾದ. ದೂರು ಕೊಟ್ಟವರ ಮೇಲೆಯೇ ವಂಚನೆಯ ಕೇಸು ಬಿತ್ತು, 1994ರಲ್ಲಿ ಶಿಕ್ಷೆಯೂ ಆಯಿತು. ಮೇಲ್ಮನವಿಯಲ್ಲಿ, ನಿಮ್ಮ ಕಂಪ್ಯೂಟರನ್ನು ಆರೋಪಿಯ ಪರ ತಜ್ಞರಿಗೂ ಪರೀಕ್ಷೆಗೆ ಬಿಡಿ ಅಂದರೆ ಸಂಸ್ಥೆ ಒಪ್ಪಲಿಲ್ಲ. ತೋರಿಸಲೊಲ್ಲದ ಯಂತ್ರದ ಮಾತನ್ನು ನಂಬುವುದು ಹೇಗೆ? 1996ರಲ್ಲಿ ಆ ಕಾನ್‌ಸ್ಟೇಬಲ್ ಖುಲಾಸೆಯಾದರು. ಅಷ್ಟರಲ್ಲಿ ಕೆಲವು ವರ್ಷ ಕಳ್ಳ ಅನ್ನಿಸಿಕೊಂಡಿದ್ದರು.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಭದ್ರತೆಯ ತಜ್ಞ ರಾಸ್ ಆ್ಯಂಡರ್ಸನ್ ಈ ಎರಡು ದೇಶಗಳನ್ನು ಹೋಲಿಸಿ ಒಂದು ಮಾತು ಗಮನಿಸಿದ್ದರು. ಅಮೆರಿಕದಲ್ಲಿ ಸಾಬೀತು ಮಾಡುವ ಹೊಣೆ ಬ್ಯಾಂಕಿನದು, ಆದ್ದರಿಂದ ಬ್ಯಾಂಕುಗಳು ಎಚ್ಚರದಲ್ಲಿದ್ದವು. ಬ್ರಿಟನ್ನಿನಲ್ಲಿ ಹೊಣೆ ಗ್ರಾಹಕರದು, ಆದ್ದರಿಂದ ಅಲ್ಲಿನ ಬ್ಯಾಂಕುಗಳು ಮೈಮರೆತವು, ಮೋಸವೂ ಜಾಸ್ತಿಯಾಯಿತು. ಗ್ರಾಹಕರನ್ನು ಅನುಮಾನಿಸಿದರೆ ಬ್ಯಾಂಕಿಗೆ ಲಾಭ ಅಂತ ನಾವು ಅಂದುಕೊಳ್ಳುತ್ತೇವೆ. ಕೊನೆಗೆ ಅದರಿಂದ ಬ್ಯಾಂಕಿಗೂ ನಷ್ಟವೇ. ಅದೇ ಕೇಂಬ್ರಿಡ್ಜ್ ತಂಡ 2010ರಲ್ಲಿ ಇನ್ನೊಂದು ತೋರಿಸಿತು. ಕದ್ದ ಚಿಪ್ ಕಾರ್ಡಿಗೂ ಅಂಗಡಿಯ ಯಂತ್ರಕ್ಕೂ ನಡುವೆ ಒಂದು ಸಾಧನ ಇಟ್ಟರೆ, ಯಾವ ಪಿನ್ ಒತ್ತಿದರೂ ನಡೆಯುತ್ತದೆ. ರಸೀದಿಯಲ್ಲಿ ಮಾತ್ರ ಪಿನ್ ಸರಿಯಾಗಿದೆ ಅಂತ ಅಚ್ಚಾಗುತ್ತದೆ. ಬರೀ ಪ್ರಯೋಗಶಾಲೆಯ ಆಟ ಅಂತ ಬ್ಯಾಂಕುಗಳ ಕಡೆಯವರು ತಳ್ಳಿಹಾಕಿದ್ದರು. 2011ರಲ್ಲಿ ಫ್ರಾನ್ಸಿನಲ್ಲಿ ಕಳ್ಳರು ಇದನ್ನೇ ಕಾರ್ಡಿನೊಳಗೆ ಅಡಗಿಸಿ ಬಳಸಿದ್ದು ಸಿಕ್ಕಿತು.

ಹೀಗಿರುವಾಗ "ಸಿಸ್ಟಮ್‌ನಲ್ಲಿ ಎಲ್ಲಾ ಸರಿ ತೋರಿಸ್ತಿದೆ ಸರ್" ಅನ್ನುವುದು ಉತ್ತರವೇ ಅಲ್ಲ.

ಕಾನೂನುಗಳು ನಿಧಾನಕ್ಕಾದರೂ ಗ್ರಾಹಕರ ಕಡೆಗೆ ಬಂದಿವೆ. ಅಮೆರಿಕದಲ್ಲಿ 1970ರಿಂದಲೇ ಕ್ರೆಡಿಟ್ ಕಾರ್ಡ್ ದುರ್ಬಳಕೆಯಾದರೆ ಗ್ರಾಹಕರ ಹೊಣೆ 50 ಡಾಲರ್ ಮೀರುವಂತಿಲ್ಲ. ಡೆಬಿಟ್ ಕಾರ್ಡಿಗೆ 1978ರ ಕಾನೂನು ಬೇರೆ ಲೆಕ್ಕ ಹೇಳುತ್ತದೆ. ಕಾರ್ಡು ಹೋದದ್ದು ಗೊತ್ತಾಗಿ 2 ಕೆಲಸದ ದಿನದೊಳಗೆ ತಿಳಿಸಿದರೆ 50, ತಡವಾದರೆ 500ರವರೆಗೆ, ಸ್ಟೇಟ್‌ಮೆಂಟ್ ಬಂದು 60 ದಿನ ದಾಟಿದರೆ ಆಮೇಲೆ ಹೋದದ್ದೆಲ್ಲ ನಿಮ್ಮದೇ ಆಗಬಹುದು. ಐರೋಪ್ಯ ಒಕ್ಕೂಟದಲ್ಲಿ ಮಿತಿ 150 ಯೂರೋ ಇದ್ದದ್ದು ಈಗ 50. ಭಾರತದ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸೂಚನೆ ನನಗೆ ತುಂಬಾ ಇಷ್ಟ. ಬ್ಯಾಂಕಿನದೂ ಅಲ್ಲದ, ಗ್ರಾಹಕರದೂ ಅಲ್ಲದ ತಪ್ಪಿನಿಂದ ದುಡ್ಡು ಹೋದರೆ, 3 ಕೆಲಸದ ದಿನದೊಳಗೆ ತಿಳಿಸಿದವರ ಹೊಣೆ ಸೊನ್ನೆ. ತಿಳಿಸಿದ 10 ಕೆಲಸದ ದಿನದೊಳಗೆ ಬ್ಯಾಂಕು ಆ ಮೊತ್ತವನ್ನು ಖಾತೆಗೆ ಹಾಕಿ ಆಮೇಲೆ ತನಿಖೆ ಮಾಡಬೇಕು. ಗ್ರಾಹಕರದ್ದೇ ತಪ್ಪು ಅಂತ ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ ಅಂತ ಅದರಲ್ಲಿ ನೇರವಾಗಿಯೇ ಬರೆದಿದೆ. ಯಾವ ದೇಶದ್ದೇ ಇರಲಿ, ಇಂಥ ನಿಯಮಗಳಲ್ಲೆಲ್ಲ ಗಡಿಯಾರ ಓಡುತ್ತಿರುತ್ತದೆ. ಫೋನಿನಲ್ಲಿ ಹೇಳಿದ್ದನ್ನು ಇಮೇಲ್‌ನಲ್ಲೂ ಬರೆದು ಕಳಿಸಿ. ಎಷ್ಟು ಹೊತ್ತಿಗೆ ತಿಳಿಸಿದಿರಿ ಅನ್ನುವುದಕ್ಕೆ ನಿಮ್ಮ ಕೈಯಲ್ಲಿ ದಾಖಲೆ ಇರಬೇಕು.

ಡೆಬಿಟ್ ಕಾರ್ಡಿನಲ್ಲಿ ಹೋದರೆ ಯಾಕೆ ಜಾಸ್ತಿ ಸಂಕಟ ಅಂತ ಕೇಳುವವರಿಗೆ ಒಂದೇ ಮಾತು. ಕ್ರೆಡಿಟ್ ಕಾರ್ಡಿನಲ್ಲಿ ಜಗಳ ಮುಗಿಯುವವರೆಗೆ ಹೋಗಿರುವುದು ಬ್ಯಾಂಕಿನ ದುಡ್ಡು. ಡೆಬಿಟ್‌ನಲ್ಲಿ ನಿಮ್ಮದು. ಬಾಡಿಗೆ ಕಟ್ಟುವ ದಿನ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ನಿಯಮ ಪುಸ್ತಕದಲ್ಲಿ ಚೆನ್ನಾಗಿದೆ. ಕೌಂಟರಿನ ಈಚೆ ನಿಂತವರ ಅನುಭವ ಬೇರೆ. ನನಗೆ ಒಂದು ಅರ್ಜಿ ಕಳಿಸಿದರು. ಪ್ರತಿ ವಹಿವಾಟಿಗೂ ಕಾರಣ ಆಯ್ಕೆ ಮಾಡಬೇಕು. ಸಾಮಾನು ಬರಲಿಲ್ಲ, ಸಾಮಾನು ಕೆಟ್ಟಿತ್ತು, ಎರಡು ಸಲ ಕಡಿತವಾಯಿತು, ಹೀಗೆ. "ಇವರು ಯಾರೋ ನನಗೆ ಗೊತ್ತೇ ಇಲ್ಲ" ಅನ್ನುವ ಆಯ್ಕೆ ಪಟ್ಟಿಯ ತಳದಲ್ಲಿತ್ತು. ಅದನ್ನು ಒತ್ತಿದರೆ ಮುಂದಿನ ಪ್ರಶ್ನೆ, "ವ್ಯಾಪಾರಿಯನ್ನು ಸಂಪರ್ಕಿಸಿದ್ದೀರಾ?" ಯಾರನ್ನು ಸಂಪರ್ಕಿಸಲಿ? ಪೊಲೀಸ್ ದೂರಿನ ಪ್ರತಿ ಕೇಳಿದರು, ಕೊಟ್ಟೆ. ಸಹಿ ಮಾಡಿದ ಪತ್ರ ಕೇಳಿದರು, ಕೊಟ್ಟೆ. ಸ್ಕ್ಯಾನ್ ಸ್ಪಷ್ಟವಿಲ್ಲ ಅಂದರು, ಮತ್ತೆ ಕೊಟ್ಟೆ. ಪ್ರತಿ ಸಲ ಫೋನ್ ಎತ್ತುವವರು ಹೊಸಬರು. "ನಿಮ್ಮ ಬೇಸರ ಅರ್ಥ ಆಗುತ್ತೆ ಸರ್" ಅಂತ ಶುರು ಮಾಡಿ ಮೊದಲಿನಿಂದ ಕಥೆ ಕೇಳುತ್ತಾರೆ. ಅವರ ಮೇಲೆ ಸಿಟ್ಟಿಲ್ಲ. ಪರದೆಯ ಮೇಲೆ ಬಂದದ್ದನ್ನು ಓದುವುದು ಅವರ ಕೆಲಸ. ಆದರೆ ಆ ಒಂದೊಂದು ಗಂಟೆಗೂ ಸಂಬಳ ಸಿಗುವುದು ಅವರಿಗೆ, ನನಗಲ್ಲ. ಕದ್ದ ದುಡ್ಡನ್ನು ತುಂಬಿಕೊಡುವ ಕಾನೂನು ಇದೆ. ಈ ಗಂಟೆಗಳನ್ನು ತುಂಬಿಕೊಡುವ ಕಾನೂನು ನಾನು ಎಲ್ಲೂ ನೋಡಿಲ್ಲ.

ದುಡ್ಡು ವಾಪಸ್ ಬಂದಾಗ ಅದನ್ನು ಕೊಟ್ಟವರು ಬ್ಯಾಂಕು ಅಂತ ನಾನು ಅಂದುಕೊಂಡಿದ್ದೆ. ವಿಚಾರಿಸಿದರೆ ದಾರಿ ಬೇರೆಯೇ ಇದೆ. ನಮ್ಮ ಬ್ಯಾಂಕು ಕಾರ್ಡ್ ಕಂಪನಿಯ ಮೂಲಕ ವ್ಯಾಪಾರಿಯ ಬ್ಯಾಂಕಿಗೆ ಆಕ್ಷೇಪ ಕಳಿಸುತ್ತದೆ. ಚಾರ್ಜ್‌ಬ್ಯಾಕ್ ಅಂತ ಅದರ ಹೆಸರು. ಆನ್‌ಲೈನ್ ವಹಿವಾಟಿನಲ್ಲಿ ಓಟಿಪಿಯಂಥ ಎರಡನೆಯ ಪರೀಕ್ಷೆ ಆಗದಿದ್ದರೆ ಸಾಮಾನ್ಯವಾಗಿ ನಷ್ಟ ವ್ಯಾಪಾರಿಯ ತಲೆಗೆ. ಪರೀಕ್ಷೆ ಆಗಿದ್ದರೆ ಕಾರ್ಡು ಕೊಟ್ಟ ಬ್ಯಾಂಕಿನ ತಲೆಗೆ. ಅಂದರೆ ಎಲ್ಲೋ ಕೂತು ಸಾಮಾನು ಮಾರುವ ಸಣ್ಣ ವ್ಯಾಪಾರಿ ಸಾಮಾನನ್ನೂ ಕಳೆದುಕೊಳ್ಳುತ್ತಾನೆ, ದುಡ್ಡನ್ನೂ ಕಳೆದುಕೊಳ್ಳುತ್ತಾನೆ, ಮೇಲೆ ಚಾರ್ಜ್‌ಬ್ಯಾಕ್ ಶುಲ್ಕವನ್ನೂ ಕಟ್ಟುತ್ತಾನೆ. ನನಗೆ ನ್ಯಾಯ ಸಿಕ್ಕಿದ ಖುಷಿ ಇದರಿಂದ ಸ್ವಲ್ಪ ಇಳಿಯಿತು.

ಮೋಸವಲ್ಲದ, ಆದರೆ ಮೋಸದಷ್ಟೇ ತಲೆ ತಿನ್ನುವ ದಿನನಿತ್ಯದ ಕಿರಿಕಿರಿಗಳೂ ಇದೇ ಜಾತಿಯವು. ಕೆಲಸ ಅವರದು, ಹೊರೆ ನಮ್ಮದು.

ಸ್ಟೇಟ್‌ಮೆಂಟಿನಲ್ಲಿ ಬರುವ ಹೆಸರನ್ನೇ ತಗೊಳ್ಳಿ. ವ್ಯಾಪಾರಿಯ ಹೆಸರಿಗೆ ಸಿಗುವ ಜಾಗ ಸುಮಾರು 22ರಿಂದ 25 ಅಕ್ಷರ. ಬೋರ್ಡಿನ ಮೇಲಿನ ಹೆಸರು ಒಂದು, ಕಾಗದದಲ್ಲಿ ನೋಂದಣಿಯಾದ ಕಂಪನಿಯ ಹೆಸರು ಇನ್ನೊಂದು. ಅದನ್ನೂ ಅರ್ಧಕ್ಕೆ ಕತ್ತರಿಸಿ ಮುದ್ರಿಸುತ್ತಾರೆ. ಹಾಗಾಗಿ ತಾವೇ ಕೊಂಡ ಸಾಮಾನಿಗೆ ತಾವೇ ಮೋಸದ ದೂರು ಕೊಡುವವರೂ ಇದ್ದಾರೆ. ಗೊತ್ತಿಲ್ಲದ ಹೆಸರು ಕಂಡರೆ ಎಚ್ಚರವಾಗಿ ಅನ್ನುವ ಬ್ಯಾಂಕುಗಳೇ ಗೊತ್ತಾಗದ ಹೆಸರುಗಳನ್ನು ಮುದ್ರಿಸುತ್ತವೆ.

ಹೋಟೆಲಿನಲ್ಲಿ, ಪೆಟ್ರೋಲ್ ಪಂಪಿನಲ್ಲಿ ಮೊದಲು ದೊಡ್ಡ ಮೊತ್ತ ತಡೆಹಿಡಿದು ಆಮೇಲೆ ಬಿಡುವ ಪದ್ಧತಿ ಗೊತ್ತಲ್ಲ. ಕಾರ್ಡಿನ ವಹಿವಾಟು ಎರಡು ಹೆಜ್ಜೆಯದು. ಮೊದಲು ಅನುಮತಿ, ಆಮೇಲೆ ಲೆಕ್ಕ ಚುಕ್ತಾ. ನಡುವಿನ ದಿನಗಳಲ್ಲಿ ದುಡ್ಡು ನಿಮ್ಮದೂ ಅಲ್ಲ, ಅವರದೂ ಅಲ್ಲ. ಕಡಿತವಾಗಲು ಎರಡು ಸೆಕೆಂಡ್, ವಾಪಸ್ ಬರಲು ವಾರ ಯಾಕೆ ಅನ್ನುವುದಕ್ಕೂ ಇದೇ ಕಾರಣ. ಮರುಪಾವತಿ ಅಂದರೆ ಹಳೆಯದನ್ನು ಅಳಿಸುವುದಲ್ಲ, ಉಲ್ಟಾ ದಿಕ್ಕಿನಲ್ಲಿ ಹೊಸದೊಂದು ವಹಿವಾಟು. ಅದು ಉಳಿದವುಗಳ ಜೊತೆ ಕಂತೆಯಲ್ಲಿ ಸೇರಿ ನಿಧಾನಕ್ಕೆ ಬರುತ್ತದೆ. ಕಾರಣ ಗೊತ್ತಾದರೂ ಸಿಟ್ಟು ಇಳಿಯುವುದಿಲ್ಲ, ಅದು ಬೇರೆ ಮಾತು. ಇನ್ನು ಬೇರೆ ದೇಶದಲ್ಲಿ ಯಂತ್ರ "ನಿಮ್ಮ ದೇಶದ ಹಣದಲ್ಲೇ ಕೊಡ್ತೀರಾ?" ಅಂತ ವಿನಯವಾಗಿ ಕೇಳಿದರೆ ಬೇಡ ಅನ್ನಿ. ಆ ವಿನಿಮಯ ದರದೊಳಗೆ ಅವರ ಕಮಿಷನ್ ಕೂತಿರುತ್ತದೆ.

ಮತ್ತೊಂದು, ನಿಜವಾಗಿ ಕೊಳ್ಳುವಾಗಲೇ ಕಾರ್ಡು ನಿರಾಕರಿಸುವುದು. ಇದರ ಮೇಲೆ ನನಗೆ ಸಿಟ್ಟು ಕಡಿಮೆ, ಲೆಕ್ಕ ಹಾಗಿದೆ. ಸುಮ್ನೆ ಉದಾಹರಣೆಗೆ, 10,000 ವಹಿವಾಟಿನಲ್ಲಿ 1 ಮೋಸದ್ದು ಅಂತ ಇಟ್ಟುಕೊಳ್ಳಿ. ಹಿಡಿಯುವ ಯಂತ್ರ 100ಕ್ಕೆ 99 ಸಲ ಸರಿ ಹೇಳುತ್ತದೆ. ಆಗ ಆ ಒಂದು ಮೋಸ ಸಿಕ್ಕುತ್ತದೆ, ಜೊತೆಗೆ ಸುಮಾರು 100 ಜನ ಪ್ರಾಮಾಣಿಕರೂ ಸಿಕ್ಕಿಬೀಳುತ್ತಾರೆ. ಯಂತ್ರ ಎಷ್ಟೇ ಜಾಣವಾದರೂ ಮೋಸ ಅಪರೂಪವಾಗಿರುವವರೆಗೆ ಹೀಗೇ. ಸಿಕ್ಕಿಬಿದ್ದವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನುವುದು ಮಾತ್ರ ಲೆಕ್ಕದ ಕೈಯಲ್ಲಿಲ್ಲ.

ಒಮ್ಮೆ ಬ್ಯಾಂಕಿನಿಂದಲೇ ಫೋನ್ ಬಂತು. "ನಿಮ್ಮ ಗುರುತು ಖಚಿತ ಮಾಡ್ಕೋಬೇಕು ಸರ್, ಹುಟ್ಟಿದ ದಿನಾಂಕ ಹೇಳ್ತೀರಾ?"

"ನೀವು ಬ್ಯಾಂಕಿನವರು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಸರ್, ನಾವೇ ತಾನೆ ಫೋನ್ ಮಾಡಿರೋದು."

ಕಾರ್ಡಿನ ಹಿಂದಿರುವ ನಂಬರಿಗೆ ನಾನೇ ಮಾಡ್ತೀನಿ ಅಂತ ಇಟ್ಟುಬಿಟ್ಟೆ. ಆ ಹುಡುಗಿಗೆ ಬೇಜಾರಾಯಿತೋ ಏನೋ. ಫೋನಿನಲ್ಲಿ ಕಾಣುವ ನಂಬರನ್ನು ಬೇರೆ ನಂಬರಿನ ಹಾಗೆ ತೋರಿಸುವುದು ಕಷ್ಟವೇನಲ್ಲ. ಯಾರಿಗೂ ವಿವರ ಕೊಡಬೇಡಿ ಅಂತ ದಿನಾ ಮೆಸೇಜ್ ಕಳಿಸುವ ಬ್ಯಾಂಕುಗಳೇ ಹೀಗೆ ಫೋನ್ ಮಾಡಿ ವಿವರ ಕೇಳಿದರೆ, ಅಪರಿಚಿತರಿಗೆ ಉತ್ತರ ಕೊಡುವ ಅಭ್ಯಾಸವನ್ನು ಜನರಿಗೆ ಕಲಿಸುತ್ತಿರುವವರು ಯಾರು?

ಆ ಅಭ್ಯಾಸದ ಫಲವನ್ನು ಉಣ್ಣುವ ಕಳ್ಳರು ಈಗ ಕಾರ್ಡನ್ನೇ ಬಿಟ್ಟಿದ್ದಾರೆ. ಹೆದರಿಸಿಯೋ ನಂಬಿಸಿಯೋ ನಮ್ಮ ಕೈಯಿಂದಲೇ ದುಡ್ಡು ಕಳಿಸುವಂತೆ ಮಾಡುತ್ತಾರೆ. ಇಲ್ಲಿ "ನಾನಲ್ಲ" ಅನ್ನುವ ಮಾತೇ ಉಳಿಯುವುದಿಲ್ಲ. ಒತ್ತಿದ್ದು ನಾವೇ. ಹಳೆಯ ಕಾನೂನುಗಳು ಹೀಗೆ ಮೋಸ ಹೋದವರನ್ನು ಬಹುಪಾಲು ಕೈಬಿಟ್ಟಿದ್ದವು. ಬ್ರಿಟನ್ 2024ರ ಅಕ್ಟೋಬರ್ 7ರಿಂದ ಹೊಸ ದಾರಿ ಹಿಡಿದಿದೆ. ಇಂಥ ಮೋಸದಲ್ಲಿ ಹೋದದ್ದನ್ನು 85,000 ಪೌಂಡ್‌ವರೆಗೆ ಬ್ಯಾಂಕುಗಳು ತುಂಬಿಕೊಡಬೇಕು. ಕಳಿಸಿದ ಬ್ಯಾಂಕಿನದು ಅರ್ಧ, ಕಳ್ಳನ ಖಾತೆಗೆ ಜಾಗ ಕೊಟ್ಟ ಬ್ಯಾಂಕಿನದು ಅರ್ಧ. ಜನ ಇದರಿಂದ ಅಜಾಗರೂಕರಾಗುತ್ತಾರೆ ಅನ್ನುವ ಟೀಕೆ ಇದೆ. ನನಗೆ ಒಪ್ಪಿಗೆಯಿಲ್ಲ. ದುಡ್ಡು ವಾಪಸ್ ಬರುತ್ತದೆ ಅಂತ ಯಾರೂ ಖುಷಿಯಿಂದ ಮೋಸ ಹೋಗುವುದಿಲ್ಲ. ಕಳ್ಳನ ಖಾತೆ ತೆರೆದುಕೊಟ್ಟ ಬ್ಯಾಂಕಿಗೂ ಬಿಸಿ ತಾಗುತ್ತದೆ ಅನ್ನುವುದೇ ಇದರಲ್ಲಿ ಹೊಸದು. 2015ರ ಅಂಗಡಿಗಳ ಹಾಗೆ ಅವರೂ ಏನಾದರೂ ಮಾಡಿಯಾರು.

ನನ್ನ ವಿಷಯಕ್ಕೆ ಬಂದರೆ, ಹಳೆಯ ಕಾರ್ಡು ಹೋಗಿ ಹೊಸ ಸಂಖ್ಯೆಯ ಕಾರ್ಡು ಬಂತು. ಬಿಲ್ಲು ಕಟ್ಟುವ ಆ್ಯಪ್‌ಗಳಲ್ಲೆಲ್ಲ ಒಂದೊಂದಾಗಿ ಬದಲಿಸುತ್ತಾ ಕೂತೆ. ಒಂದು ಚಂದಾವನ್ನು ಮಾತ್ರ ಬೇಕೆಂತಲೇ ಬದಲಿಸಲಿಲ್ಲ, ಅದು ಬೇಡವಾಗಿತ್ತು. ಮುಂದಿನ ತಿಂಗಳು ಹೊಸ ಕಾರ್ಡಿನಿಂದಲೇ ಅದು ಕಡಿತವಾಯಿತು. ಕಾರ್ಡ್ ಕಂಪನಿಗಳಲ್ಲಿ ಒಂದು ಸೇವೆ ಇದೆಯಂತೆ. ಸಂಖ್ಯೆ ಬದಲಾದರೆ, ವಿವರ ಉಳಿಸಿಕೊಂಡಿರುವ ವ್ಯಾಪಾರಿಗಳಿಗೆ ಹೊಸದನ್ನು ತಾನಾಗೇ ತಲುಪಿಸುತ್ತದೆ. ಕಳ್ಳರಿಂದ ತಪ್ಪಿಸಿಕೊಳ್ಳಲು ಬದಲಿಸಿದ ಸಂಖ್ಯೆ ಚಂದಾದವರಿಗೆ ನನಗಿಂತ ಮೊದಲೇ ಸಿಕ್ಕಿದ್ದರೂ ಆಶ್ಚರ್ಯವಿಲ್ಲ. "ಇದು ನಿಮ್ಮ ಅನುಕೂಲಕ್ಕೇ ಸರ್" ಅಂದರು ಬ್ಯಾಂಕಿನವರು. ನಿಲ್ಲಿಸಬೇಕಾದರೆ ಆ ಚಂದಾ ಕಂಪನಿಗೇ ಬರೆಯಬೇಕಂತೆ. ಬರೆದೆ. ನಿಮ್ಮ ಕಾರ್ಡಿನ ಕೊನೆಯ 4 ಅಂಕಿ ಕಳಿಸಿ ಅಂತ ಉತ್ತರ ಬಂತು. ಹಳೆಯದೋ ಹೊಸದೋ ಅಂತ ಕೇಳಿದ್ದೇನೆ.